ಕಂಬಣ್ಣ ಕಾಣದ ಊರುಗಳು

ಗರ್ರ್ ಎಂದು ಜಾರಿ ಬಂದು ಕೊನೆಗೆ ಠಪ್ ಎಂದು ಕೂರುವ ವ್ಯಾನಿನ ಬಾಗಿಲಿನ ಸದ್ದನ್ನು ಕಂಬಣ್ಣ ಬೆನ್ನಿನಿಂದಲೇ ಕೇಳಿಸಿಕೊಳ್ಳುತ್ತಿದ್ದ. ಠಪ್ ಎಂದರೆ ಎಲ್ಲರೂ ಹತ್ತಿಯಾಯಿತು, ಹೊರಡಬಹುದು. ಆ ಬೆಳಿಗ್ಗೆಯೂ ಠಪ್ ಕೇಳಿ ಗೇರು ಹಾಕಿದ. ಹತ್ತಿದ್ದವಳು ಹೆಂಡತಿ ಒಬ್ಬಳೇ. ಅವಳೂ ಮುಂದೆ ಬಂದು ಕೂರದೆ, ಯಾರೋ ಪ್ರವಾಸಿಯ ಹಾಗೆ ಹಿಂದಿನ ಸಾಲಿನ ಕಿಟಕಿ ಹಿಡಿದಿದ್ದಳು. ಪಕ್ಕದಲ್ಲಿ ಮನೆಯಲ್ಲಿದ್ದ ಅತಿ ದೊಡ್ಡ ಸೂಟ್‌ಕೇಸು. ಎರಡು ರಾತ್ರಿಯ ತಿರುಗಾಟಕ್ಕೆ ಅಷ್ಟು ದೊಡ್ಡದು ಯಾಕೆ ಎಂದು ಅವನು ಕೇಳಲಿಲ್ಲ. ದಾರಿಯ ಕೊನೆಯ ಊರಿನಲ್ಲಿ ಅವಳ ಅಕ್ಕನ ಮನೆಯಿತ್ತು.

ಕಂಬಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಡಲಂಚಿನ ಹಳೆಯ ಊರುಗಳಿಗೆ ಜನರನ್ನು ಕರೆದೊಯ್ಯುವ ಡ್ರೈವರುಗಳು ಇಟ್ಟದ್ದು. ಪ್ರವಾಸಿಗಳು ಕೋಟೆಯೊಳಗೆ ಹೋದರೆ ಉಳಿದವರು ಚಹಾ ಕುಡಿಯಲೋ ನೆರಳಲ್ಲಿ ಕಾಲು ಚಾಚಲೋ ಹೊರಟುಬಿಡುವರು. ಇವನು ಗಾಡಿಯ ಮುಖವನ್ನು ರಸ್ತೆಗೆ ತಿರುಗಿಸಿ, ಬಾನೆಟ್ಟಿಗೆ ಒರಗಿ ನಿಂತರೆ ನಿಂತ. ಕೆಲಸ ಕಲಿಸಿದ ಸೋದರಮಾವ ಹೇಳಿದ್ದ, ಹೋದವರು ತಿರುಗಿ ಬರುವಾಗ ಮೊದಲು ಡ್ರೈವರ್ ಕಾಣಬೇಕು, ಆಮೇಲೆ ಗಾಡಿ. ಆ ಮಾತನ್ನು ಹಿಡಿದುಕೊಂಡು ಕಂಬಣ್ಣ ಅರ್ಧ ಆಯುಸ್ಸು ಸವೆಸಿದ. ಯಾವ ಊರಿನ ಪಾರ್ಕಿಂಗಿನಲ್ಲಿ ಜಲ್ಲಿ, ಎಲ್ಲಿ ಕೆಸರು, ಎಲ್ಲಿ ಕಾಗೆಗಳು ಗಾಜು ಹೊಲಸು ಮಾಡುತ್ತವೆ, ಇಷ್ಟು ಅವನಿಗೆ ಗೊತ್ತು. ಗೋಡೆಯ ಆಚೆ ಏನಿದೆಯೋ ಅದು ಮಾತ್ರ ಗೊತ್ತಿರಲಿಲ್ಲ.

ಆದರೆ ಮಗಳ ಮುಂದೆ ಹಾಗೆನ್ನಲು ಬಾಯಿ ಬರುತ್ತಿರಲಿಲ್ಲ. ಸಂಜೆ ಫೋನಿನಲ್ಲಿ ಅವಳು, ಇವತ್ತು ಏನು ನೋಡಿದೆ ಅಪ್ಪಾ, ಎನ್ನುವಳು. ಇವನು ಹೊರಗೋಡೆಯನ್ನು ನೋಡುತ್ತ ನೋಡುತ್ತಲೇ ಕಟ್ಟಿ ಹೇಳುವನು. ಮೊದಲ ಊರಿನ ಕೋಟೆಯಲ್ಲಿ ಕುದುರೆಯೊಂದರ ಗೋರಿ. ಎರಡನೆಯ ಊರಿನ ದೀಪಸ್ತಂಭದಲ್ಲಿ, ಹಡಗುಗಳನ್ನು ಹೆಸರು ಹಿಡಿದು ಕೂಗುತ್ತಿದ್ದ ಮುದುಕಿಯ ಕುರ್ಚಿ. ಕೊನೆಯ ಊರಿನ ಕೋಟೆಯಲ್ಲಿ ಕಡಲೊಳಕ್ಕೇ ಇಳಿದುಹೋಗುವ ಮೆಟ್ಟಿಲು. ಅವಳು ಸ್ಪೀಕರ್ ಹಾಕಿರುತ್ತಿದ್ದುದರಿಂದ ಅಡುಗೆಮನೆಯಲ್ಲಿದ್ದ ಅವಳ ತಾಯಿಯ ಕಿವಿಗೂ ಎಲ್ಲ ಬೀಳುತ್ತಿತ್ತು.

ಮಗಳು ಜ್ವರದಲ್ಲಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆ ದಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಮಂಚದ ಪಕ್ಕ, ತಾಯಿ ಒಬ್ಬಳೇ ಇದ್ದಳು. ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾಗಬಹುದು ಎಂದು ನರ್ಸು ಅಂದದ್ದೇ ತಡ, ಕಂಬಣ್ಣ ಕೆಳಗಿಳಿದು, ವ್ಯಾನನ್ನು ರಸ್ತೆಗೆ ಮುಖ ಮಾಡಿ, ಬಾಗಿಲು ತೆರೆದಿಟ್ಟು ಕಾದ. ಯಾರೂ ಇಳಿದು ಬರಲಿಲ್ಲ. ಆಮೇಲೆ ಅವನಿಗೆ ಅಳು ಬರಲಿಲ್ಲ. ಬಡಿಸಿದರೆ ಉಂಡ, ಟ್ರಿಪ್ ಬಂದರೆ ಹೋದ. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದಿರುತ್ತದಲ್ಲ, ಮುಟ್ಟಿದರೆ ಮುಟ್ಟಿದ್ದು ತಿಳಿಯುವುದಿಲ್ಲ, ಹಾಗೆ ಇದ್ದ. ಮಗಳ ಹೆಸರು ಮನೆಯಲ್ಲಿ ಒಮ್ಮೆಯೂ ಅವನ ಬಾಯಿಂದ ಬಂದಿರಲಿಲ್ಲ.

ಆ ಊರುಗಳನ್ನೆಲ್ಲ ನೋಡಬೇಕು ಎಂದು ಕೇಳಿದವಳು ಹೆಂಡತಿಯೇ. ಸೀಸನ್ ಮುಗಿದಿತ್ತು. ಸುಮ್ಮನೆ ನಿಲ್ಲಿಸಿದರೆ ಬ್ಯಾಟರಿ ಕೂತುಬಿಡುತ್ತದೆ, ಓಡಿಸಿಕೊಂಡು ಬಾ ಎಂದು ವ್ಯಾನಿನ ಯಜಮಾನ ಬೀಗದ ಕೈ ಕೊಟ್ಟ.

ಅವಸರವಿರಲಿಲ್ಲ. ಉಪ್ಪುಗಾಳಿಗೆ ಸುಣ್ಣ ಉದುರಿಸಿಕೊಂಡ ಹಳೆಯ ಸುಂಕದ ಮನೆಗಳ ಮುಂದೆ, ಬಲೆ ಹರವಿದ ಓಣಿಗಳ ಬಾಯಲ್ಲಿ, ಅವನು ತಾನಾಗಿಯೇ ನಿಧಾನಿಸಿದ. ಮೊದಲ ಊರಿನಲ್ಲಿ ಅವಳು ಒಳಗೆ ಹೋಗಿ ಬಂದಳು, ಇವನು ಬಾನೆಟ್ಟಿಗೆ ಒರಗಿದ್ದ.

"ಕುದುರೆ ಗೋರಿ ಇಲ್ಲ ರೀ," ಎಂದಳು ಹತ್ತುತ್ತ. "ನೀರಿನ ತೊಟ್ಟಿ ಇದೆ. ಅದ್ರಲ್ಲಿ ಒಂದು ಕಪ್ಪೆ."

"ಹೌದಾ," ಎಂದ.

ಠಪ್.

ರಾತ್ರಿ ಲಾಡ್ಜಿನಲ್ಲಿ ಎರಡು ಮಂಚಗಳ ನಡುವಿನ ಟೇಬಲ್ ಫ್ಯಾನು ಒಮ್ಮೆ ಅವಳ ಕಡೆ, ಒಮ್ಮೆ ಇವನ ಕಡೆ ಕತ್ತು ತಿರುಗಿಸುತ್ತಿತ್ತು. ಮರುದಿನ ದೀಪಸ್ತಂಭದಿಂದ ಇಳಿದು ಬಂದು, ಕುರ್ಚಿಯೇನೋ ಇದೆ, ಪ್ಲಾಸ್ಟಿಕ್ಕಿಂದು, ಅದರಲ್ಲಿ ವಾಚ್‌ಮನ್ ನಿದ್ದೆ ಹೊಡೀತಿದಾನೆ ಎಂದಳು. ನಗು ಬರಬೇಕಾದ ಜಾಗ ಇದು ಎಂದು ಕಂಬಣ್ಣನಿಗೆ ತಿಳಿಯಿತು. ನಗು ಬರಲಿಲ್ಲ.

ಕೊನೆಯ ಊರಿನಲ್ಲಿ ಅವಳು ತಕ್ಷಣ ಇಳಿಯಲಿಲ್ಲ.

"ಇಲ್ಲಿಗಾದ್ರೂ ನೀವೂ ಬನ್ನಿ."

"ಗಾಡಿ ಹತ್ರ ಯಾರಾದ್ರೂ ಇರ್ಬೇಕಲ್ವಾ."

"ಯಾರಿಗೋಸ್ಕರ? ಇಳಿಯೋಳೂ ನಾನೇ, ಹತ್ತೋಳೂ ನಾನೇ." ಸೀಟಿನ ಮೇಲಿದ್ದ ಕೊಡೆ ಎತ್ತಿಕೊಂಡಳು. "ಅವತ್ತೂ ನಾನೊಬ್ಳೇ ಇದ್ದೆ. ಅವಳು ಬಾಗಿಲ ಕಡೇನೇ ನೋಡ್ತಿದ್ಲು."

ಅವನು ಸ್ಟಿಯರಿಂಗ್ ಮೇಲಿನ ತನ್ನ ಕೈಗಳನ್ನು ನೋಡಿದ.

"ಸರಿ ಬಿಡಿ," ಎಂದಳು. "ಬಂದ ಮೇಲೆ ಅಕ್ಕನ ಮನೆ ಹತ್ರ ಇಳಿಸ್ಬಿಡಿ. ನೀವು ವಾಪಸ್ ಹೋಗಿ. ನಾನಿನ್ನು ಅಲ್ಲೇ ಇರ್ತೀನಿ."

ಬಾಗಿಲು ಗರ್ರ್ ಎಂದಿತು. ಇಳಿದವಳು ಅದನ್ನು ಎಳೆಯಲಿಲ್ಲ. ಅವನು ಠಪ್ ಎನ್ನುವುದನ್ನು ಕಾಯುತ್ತ ಕೂತ. ಕಾದು ಕಾದು, ಇಳಿದು, ಅಭ್ಯಾಸದಂತೆ ಬಾನೆಟ್ಟಿಗೆ ಒರಗಿದ.

ಆಚೆ ಬಸ್ಸು ನಿಲ್ಲಿಸಿದ್ದ ಬೋಳತಲೆಯ ಡ್ರೈವರ್, ಹಳೆಯ ಪರಿಚಯದವನು, ಹಲ್ಲುಕಡ್ಡಿ ಕಚ್ಚಿಕೊಂಡು ಬಂದ. "ಏನ್ ಕಂಬಣ್ಣ, ಸೀಸನ್ ಇಲ್ದಾಗ ಬಂದಿದೀಯಾ? ಪಾರ್ಟಿ ಎಷ್ಟು ಜನ?"

"ಒಬ್ರು."

"ಒಬ್ರಿಗೆ ಇಷ್ಟು ದೊಡ್ಡ ಗಾಡೀನಾ? ಆನೆ ಮೇಲೆ ಇರುವೆ ಕೂರಿಸ್ದಂಗಾಯ್ತು." ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ತನ್ನ ಬಸ್ಸಿನ ಗೋಳು ತೆಗೆದ. ಕ್ಲಚ್ ಪ್ಲೇಟು ಹೋಗಿದೆಯಂತೆ, ಕಡಿಮೆ ಬೆಲೆಯದು ಹಾಕಿಸಲೋ ಕಂಪನಿಯದೇ ಹಾಕಿಸಲೋ.

"ಕಂಪನೀದೇ ಹಾಕ್ಸು," ಎಂದ ಕಂಬಣ್ಣ. "ಬೇರೇದು ಹಾಕಿದ್ರೆ ದಿಬ್ಬ ಹತ್ತುವಾಗ..."

ಕೋಟೆಯ ಏರಿನಲ್ಲಿ ಅವಳ ನೀಲಿ ಕೊಡೆ ತಿರುವು ದಾಟುತ್ತಿತ್ತು. ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ತೆರೆದ ಬಾಗಿಲೊಳಗೆ ಸೂಟ್‌ಕೇಸು ಕಾಣುತ್ತಿತ್ತು. ಕಂಬಣ್ಣನ ಬೆನ್ನು ಬಾನೆಟ್ಟನ್ನು ಬಿಟ್ಟಿತು.

"ಹತ್ತುವಾಗ ಏನಾಗುತ್ತೆ?" ಎಂದ ಬೋಳತಲೆ. "ಪೂರ್ತಿ ಹೇಳೋ. ಏ ಕಂಬಣ್ಣ, ಎಲ್ಲಿಗೆ? ಗಾಡಿ ಬಾಗಿಲು ತೆಗ್ದೇ ಇದೆ ಕಣೋ."

ಕಂಬಣ್ಣ ಆಗಲೇ ಜಲ್ಲಿ ದಾಟಿ ಏರು ಹತ್ತತೊಡಗಿದ್ದ.