ಕವರನ್ನು ಎಸೆಯಬೇಡಿ ಎನ್ನುವ ನೀಲಗಂಗಮ್ಮ

ಬೆಳಗಿನ ಆರು ಗಂಟೆ. ಬೆಂಗಳೂರಿನ ಇಟ್ಟಮಡುವಿನಲ್ಲಿ, ಚಿಕ್ಕಬೈರಪ್ಪನವರ ಮನೆಯ ಜಗುಲಿಯಲ್ಲಿ ನೀಲಗಂಗಮ್ಮ ಟೈಪ್‌ರೈಟರಿನ ಮೇಲೆ ಹೊದಿಸಿದ್ದ ಟವೆಲ್ ತೆಗೆದು, ಅದರಲ್ಲೇ ಒಮ್ಮೆ ಅಚ್ಚುಗಳನ್ನು ಒರೆಸಿ, ನಾಲ್ಕು ಹಾಳೆಗಳ ನಡುವೆ ಮೂರು ಕಾರ್ಬನ್ ಸೇರಿಸುತ್ತಾರೆ. ಮೆಟ್ಟಿಲ ಬಳಿ ಆಗಲೇ ಐದಾರು ಮಂದಿ ನಿಂತಿದ್ದಾರೆ. ಹೆಚ್ಚಿನವರ ಮೈಮೇಲೆ ಸೆಕ್ಯುರಿಟಿಯವರ ನೀಲಿ ಅಂಗಿ. ಜೆ.ಪಿ. ನಗರದ, ಕುಮಾರಸ್ವಾಮಿ ಲೇಔಟಿನ ಅಪಾರ್ಟ್‌ಮೆಂಟುಗಳಲ್ಲಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದ ಮಾಜಿ ಸೈನಿಕರು. ದೇಶದ ಗಡಿ ಕಾದವರು ಈಗ ಯಾರದೋ ಕಾರು ಕಾಯುತ್ತಿದ್ದಾರೆ. ಅವರಿಗೆ ಬಿಡುವಾಗುವುದೇ ಈ ಹೊತ್ತಿಗೆ. ಹಾಗಾಗಿ ಈಕೆಯ ಕೆಲಸ ಶುರುವಾಗುವುದೂ ಈ ಹೊತ್ತಿಗೇ.

ಇವತ್ತು ಸಾಲಿನಲ್ಲಿ ಮೊದಲು ನಿಂತವರು ಪಾರವ್ವ. ಬಿಟಿಎಂ ಲೇಔಟಿನ ಬಾಡಿಗೆ ಮನೆಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಾರೆ. ಜೊತೆಗೆ ಆಫೀಸಿಗೆ ರಜೆ ಹಾಕಿದ ಮಗ ಸಂಗಮೇಶ. ಪಾರವ್ವನವರ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗದಿದ್ದರೆ ಮೈಯೆಲ್ಲ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ಗಂಡ ದ್ಯಾಮಣ್ಣ ಸೇನೆಯಲ್ಲಿದ್ದವರು. ಹಿಮದ ಠಾಣೆಯೊಂದರಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಮನೆಗೆ ಬಂದವರು. ಅವರು ತೀರಿಕೊಂಡು ಎರಡು ವರ್ಷ. ಮಾಜಿ ಸೈನಿಕರ ಕುಟುಂಬಕ್ಕೆ ಸಿಗುವ ಚಿಕಿತ್ಸೆಯೇ ಇಷ್ಟು ದಿನ ಪಾರವ್ವನವರನ್ನು ಕಾಪಾಡಿದೆ. ಈಗ ಉತ್ತರ ಭಾರತದಲ್ಲಿರುವ ಒಂದು ದಾಖಲೆ ಕಚೇರಿಯಿಂದ ಕಾಗದ ಬಂದಿದೆ: ದ್ಯಾಮಣ್ಣನ ಬೆನ್ನಿನ ಗಾಯ ಸೇವೆಯಿಂದ ಆದದ್ದಲ್ಲ, ಆದ್ದರಿಂದ ಪತ್ನಿಗೆ ಚಿಕಿತ್ಸೆಯ ಹಕ್ಕಿಲ್ಲ. ಮಂಜೂರಾದ ಡಯಾಲಿಸಿಸ್‌ಗಳಲ್ಲಿ ಉಳಿದಿರುವುದು ಐದು.

ನೀಲಗಂಗಮ್ಮ ಕಾಗದ ಓದುತ್ತಾರೆ. ಮಡಚಿ ಪಕ್ಕಕ್ಕಿಡುತ್ತಾರೆ.

“ಕವರ್ ಎಲ್ಲಪ್ಪ?”

“ಯಾವ ಕವರ್ರೀ ಆಂಟಿ?” ಎನ್ನುತ್ತಾನೆ ಸಂಗಮೇಶ. “ಕಾಗದ ಕೊಟ್ಟೇನಲ್ಲ.”

“ಕಾಗದ ಯಾವ ಊರಿಂದ ಹೊರಟ್ರೂ ಒಂದೇ. ಅದು ಎಲ್ಲಿಗೆ ಬಂದು ಸೇರ್ತು ಅನ್ನೋದನ್ನ ಹೇಳೋದು ಕವರು. ಎಸೆದ್ರಾ?”

“ಎಸೆದಿರಬೇಕ್ರೀ.”

“ಸಖತ್ ಕೆಲಸ ಮಾಡಿದೀಯ!” ಅವರ ದನಿ ಏರಿದ್ದಕ್ಕೆ ಸಾಲಿನಲ್ಲಿದ್ದ ಹವಾಲ್ದಾರರೊಬ್ಬರು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಆ ಸಿಟ್ಟಿಗೆ ಕಾರಣವಿದೆ. ಪಾರವ್ವ ಮೊದಲು ಹೋಗಿದ್ದ ವಕೀಲರು, ಕಚೇರಿ ಉತ್ತರದಲ್ಲಿದೆ, ಕೇಸನ್ನೂ ಅಲ್ಲೇ ಹಾಕಿ ಎಂದು ಕೈತೊಳೆದುಕೊಂಡಿದ್ದಾರೆ. ರೈಲಿನಲ್ಲಿ ಹೋಗಿ ಬರಲು ನಾಲ್ಕು ದಿನ. ವಾರಕ್ಕೆ ಎರಡು ಸಲ ಸೂಜಿ ಚುಚ್ಚಿಸಿಕೊಳ್ಳುವ ಹೆಂಗಸು ಹೋಗುವುದು ಹೇಗೆ? ಕೇಸು ಬೆಂಗಳೂರಿನಲ್ಲಿ ನಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿ ನಡೆಯಬೇಕೆಂದರೆ, ನಷ್ಟ ಇಲ್ಲಿ ಆಯಿತು ಎಂದು ತೋರಿಸಬೇಕು. ಚಿಕಿತ್ಸೆ ಇಲ್ಲ ಎಂಬ ಮಾತು ಬಿಟಿಎಂ ಲೇಔಟಿನ ಬಾಗಿಲಿಗೇ ಬಂದು ಮುಟ್ಟಿತು ಎನ್ನಲು ಕವರಿನ ಬೆನ್ನ ಮೇಲೆ ಇಲ್ಲಿನ ಅಂಚೆ ಕಚೇರಿ ಒತ್ತಿದ ಮುದ್ರೆಗಿಂತ ಗಟ್ಟಿ ಸಾಕ್ಷಿ ಯಾವುದಿದೆ? ಇಷ್ಟನ್ನು ಆ ಕಚೇರಿಯವರೇ ಕಾಗದದ ಕೆಳಗೆ ಒಂದು ಸಾಲು ಬರೆದು ತಿಳಿಸಬಹುದಿತ್ತು. ಅವರು ತಿಳಿಸುವುದಿಲ್ಲ. ಹದಿಮೂರು ವರ್ಷಗಳಿಂದ ತಿಳಿಸುತ್ತಿರುವುದು ಎಸ್ಸೆಸ್ಸೆಲ್ಸಿ ಓದಿದ ಈ ಹೆಂಗಸು.

ಕವರಿನ ಮಾತು ಕೇಳಿದರೂ ಪಾರವ್ವನವರ ಚಿಂತೆ ಬೇರೆಯೇ. “ಅಕ್ಕಾರ, ನಮ್ಮ ಯಜಮಾನ್ರು ಪಲ್ಟಣದ ಅನ್ನ ಉಂಡಾರ. ಅದರ ಮ್ಯಾಲ ಕೇಸ ಹ್ಯಾಂಗ ಹಾಕೂದ್ರಿ? ಅವರ ಫೋಟೋಕ್ಕ ನಾ ಹ್ಯಾಂಗ ಮಾರಿ ತೋರಿಸಲಿ?”

ನೀಲಗಂಗಮ್ಮನವರ ಸಿಟ್ಟು ಇಳಿಯುತ್ತದೆ. ಈ ಮಾತನ್ನು ಅವರು ನೂರಾರು ಸಲ ಕೇಳಿದ್ದಾರೆ. ಸೈನಿಕರ ಮನೆಯವರು ಹೊಟ್ಟೆಗಿಲ್ಲದಿದ್ದರೂ ಪಲ್ಟಣದ ವಿರುದ್ಧ ಸಹಿ ಹಾಕಲು ಹಿಂಜರಿಯುತ್ತಾರೆ. “ಪಲ್ಟಣದ ಮೇಲಲ್ಲಮ್ಮ. ಭಾರತ ಸರ್ಕಾರ ಅಂತ ಬರೀತೀನಿ ನೋಡು. ಯಾರನ್ನೂ ಬೈಯೋದೂ ಇಲ್ಲ. ನಿಮ್ಮೆಜಮಾನ್ರು ಸಂಪಾದಿಸಿಟ್ಟ ಔಷಧಿ ಕೊಡಿ ಅಂತ ಕೇಳೋದು, ಅಷ್ಟೇ.”

ಇದನ್ನು ಅವರು ಕಲಿತದ್ದು ಪೆಟ್ಟು ತಿಂದು. ಗಂಡ ತಿರುಮಲೇಶ ಸೇನೆಯ ಎಂಜಿನಿಯರ್ ದಳದಲ್ಲಿ ನಾಯಕ್. ನಿವೃತ್ತಿಯಾದ ಮೇಲೆ ಸೇನೆಯ ಒಂದು ಆಸ್ಪತ್ರೆಯಲ್ಲಿ ಕಾಲಿನ ಶಸ್ತ್ರಚಿಕಿತ್ಸೆ ಕೆಟ್ಟಿತು. ಎರಡನೆಯ ಶಸ್ತ್ರಚಿಕಿತ್ಸೆ ಮಾಡಿಸಲು ಸೇನೆಯ ಕಚೇರಿ ಒಪ್ಪಲಿಲ್ಲ. 1993ರಲ್ಲಿ ನೀಲಗಂಗಮ್ಮ ಸಿಟ್ಟಿನಲ್ಲಿ, ಆಸ್ಪತ್ರೆಯ ಮುಖ್ಯಸ್ಥರ ಹೆಸರು ಹಿಡಿದು, ಗ್ರಾಹಕರ ವೇದಿಕೆಯಲ್ಲಿ ಪರಿಹಾರ ಕೇಳಿದರು. ಎದುರಿನವರು ಎರಡು ವಾದ ಹೂಡಿದರು. ಪುಕ್ಕಟೆ ಚಿಕಿತ್ಸೆ ಪಡೆದವನು ಗ್ರಾಹಕನಲ್ಲ. ಸೇನೆ ನಡೆಸುವುದು ರಾಜ್ಯದ ಪರಮಾಧಿಕಾರದ ಕೆಲಸ, ಅದಕ್ಕೆ ಪರಿಹಾರ ಕೇಳುವ ಹಾಗೇ ಇಲ್ಲ. ಎರಡು ವರ್ಷ ಅಲೆದ ಮೇಲೆ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಸರಿಯಾದ ನ್ಯಾಯಾಲಯ ಯಾವುದೆಂದು ತಿಳಿಯುವ ಹೊತ್ತಿಗೆ ನಂಜು ಮೇಲೇರಿ ತಿರುಮಲೇಶ ತೀರಿಕೊಂಡಿದ್ದರು.

ತಿಳಿಸಿದವರು ಪದ್ಮನಾಭನಗರದ ಯಲ್ಲಪ್ಪ, ನಿವೃತ್ತ ಕೋರ್ಟ್ ಶಿರಸ್ತೇದಾರರು. ಸಾವಿಗೆ ಬಂದವರು ಹದಿನೈದು ದಿನ ಬಿಟ್ಟು ಮತ್ತೆ ಬಂದು ಜಗುಲಿಯಲ್ಲಿ ಕೂತು ಹೇಳಿದರಂತೆ: “ಅಮ್ಮಾ, ನೀನು ಬಾಗಿಲು ಚೆನ್ನಾಗೇ ತಟ್ಟಿದೆ. ಮನೆ ಬೇರೆಯವರದು. ಆದ ತಪ್ಪಿಗೆ ದುಡ್ಡು ಕೇಳಿದ್ರೆ ಸರ್ಕಾರ ಪರಮಾಧಿಕಾರದ ಗುರಾಣಿ ಹಿಡಿಯುತ್ತೆ. ಕೊಡಬೇಕಾದ ಚಿಕಿತ್ಸೆ ಕೊಡು ಅಂತ ಹೈಕೋರ್ಟಲ್ಲಿ ಕೇಳಿದ್ರೆ ಆ ಗುರಾಣಿ ನಿಲ್ಲಲ್ಲ.” ಮುಂದಿನ ಆರು ತಿಂಗಳು ಪ್ರತಿ ಭಾನುವಾರ ಬಂದು ಅವರೇ ಪಾಠ ಹೇಳಿದರು. ಇಂದಿಗೂ ಅವರ ಹೆಸರು ಬಂದಾಗ ನೀಲಗಂಗಮ್ಮ ಟೈಪ್ ಮಾಡುವುದನ್ನು ನಿಲ್ಲಿಸುತ್ತಾರೆ. “ಗಂಡನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ. ಆದ್ರೆ ಯಲ್ಲಪ್ಪ ಸಾರ್ ನನ್ನನ್ನ ಉಳಿಸಿದ್ರು. ಇಲ್ದಿದ್ರೆ ಆ ಸಿಟ್ಟಲ್ಲೇ ಹುಚ್ಚಿಯಾಗಿರ್ತಿದ್ದೆ.”

ಕೂರಲು ಜಾಗ ಕೊಟ್ಟವರು ಚಿಕ್ಕಬೈರಪ್ಪ, ಊರಿನ ಹಳಬರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. “ಈಯಮ್ಮನ ಟಕಟಕ ಕೇಳಿಲ್ಲ ಅಂದ್ರೆ ನಂಗೆ ಬೆಳಗಾಗಿದ್ದೇ ಗೊತ್ತಾಗಲ್ಲ,” ಎಂದು ಕಾಫಿ ಲೋಟ ತಂದಿಡುತ್ತಾರೆ. “ಇಂಗ್ಲಿಷ್‌ನಲ್ಲಿ ಹೊಡೀತಾಳೆ, ಆದ್ರೆ ಮಾತಾಡು ಅಂದ್ರೆ ಬಾಯಿ ಬಿಡಲ್ಲ.”

“ಮಾತಾಡೋಕೆ ಲಾಯರಿದ್ದಾರಲ್ಲಣ್ಣ,” ಎನ್ನುತ್ತಾರೆ ನೀಲಗಂಗಮ್ಮ. ಅವರು ಲಾಯರಲ್ಲ, ಆ ಭ್ರಮೆಯೂ ಇಲ್ಲ. ಕಾಗದ ಜೋಡಿಸಿ, ನಡೆದದ್ದನ್ನು ತಾರೀಖಿನ ಪ್ರಕಾರ ಟೈಪ್ ಮಾಡಿ, ಜಯನಗರದ ವಕೀಲೆ ಶೈಲಶ್ರೀಯವರಿಗೆ ಒಪ್ಪಿಸುತ್ತಾರೆ. ದಿನಕ್ಕೆ ಹದಿನಾಲ್ಕು ಹದಿನೈದು ಪುಟ. ಈವರೆಗೆ ಕೋರ್ಟು ಮುಟ್ಟಿದ್ದು ನಾನೂರ ಹನ್ನೆರಡು ಕಡತ. ಹತ್ತು ಜನರಲ್ಲಿ ಎಂಟು ಜನ ಕವರ್ ಎಸೆದೇ ಬಂದಿರುತ್ತಾರೆ. “ಗುಂಡು ಹಾರಿಸಿದ ಮೇಲೆ ಖಾಲಿ ಕಾಡತೂಸಿಗೂ ಲೆಕ್ಕ ಒಪ್ಪಿಸ್ತಿದ್ರಿ. ಕವರ್ ಇಟ್ಕೊಳ್ಳೋಕೆ ಏನ್ ಕಷ್ಟ?” ಎಂದು ಹವಾಲ್ದಾರರನ್ನೂ ಬಿಡದೆ ಗದರುತ್ತಾರೆ. ಅವರು ಶಾಲೆ ಹುಡುಗರ ಹಾಗೆ ತಲೆ ತಗ್ಗಿಸುತ್ತಾರೆ.

ಸಂಗಮೇಶ ಮನೆಗೆ ಓಡುತ್ತಾನೆ. ಕಸದ ಬುಟ್ಟಿ, ಹಾಸಿಗೆ ಕೆಳಗೆ, ಹಳೆ ಪೇಪರಿನ ಕಟ್ಟು ಎಲ್ಲವನ್ನೂ ಜಾಲಾಡುತ್ತಾನೆ. ಸಿಗುವುದಿಲ್ಲ. ಮಾರನೆಯ ಬೆಳಿಗ್ಗೆ ತಾಯಿ ಮಗ ಬರಿಗೈಯಲ್ಲಿ ಬಂದು ನಿಲ್ಲುತ್ತಾರೆ. ಐದರಲ್ಲಿ ಒಂದು ಮುಗಿದು ನಾಲ್ಕು ಉಳಿದಿದೆ. ಪಾರವ್ವ ಮಾತ್ರೆ ನುಂಗುವ ಹೊತ್ತಾಯಿತೆಂದು ಕೈಚೀಲದಿಂದ ಕಂದುಬಣ್ಣದ ಪೊಟ್ಟಣವೊಂದನ್ನು ತೆಗೆಯುತ್ತಾರೆ. ನೀಲಗಂಗಮ್ಮ ಎದ್ದೇ ನಿಲ್ಲುತ್ತಾರೆ.

“ಏನಮ್ಮ ಅದು ಕೈಲಿರೋದು?”

“ಗುಳಿಗಿ ಇಡಾಕ ಛಲೋ ಗಟ್ಟಿ ಲಕೋಟಿ ಇತ್ತು, ಇಟ್ಕೊಂಡೇನ್ರಿ.”

“ಅವ್ವಾ!” ಸಂಗಮೇಶ ಹಣೆ ಬಡಿದುಕೊಳ್ಳುತ್ತಾನೆ. “ನಿನ್ನೆಲ್ಲ ಮನಿ ತಿರುವಿ ಹಾಕೇನಲ್ಲಾ!”

“ನೀ ಕವರ್ ಕವರ್ ಅಂತ ಹುಡುಕಿದಿ. ಲಕೋಟಿ ಅಂದಿದ್ರ ಹೇಳ್ತಿದ್ನಿಲ್ಲೋ.”

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ನೀಲಗಂಗಮ್ಮ ನಗುವುದಿಲ್ಲ. ಕವರನ್ನು ತಿರುಗಿಸಿ ಬೆಳಕಿಗೆ ಹಿಡಿಯುತ್ತಾರೆ. ಮುದ್ರೆ ಇದೆ, ತಾರೀಖೂ ಇದೆ. ಸರ್ಕಾರಕ್ಕೆ ಎರಡು ತಿಂಗಳು ಮೊದಲೇ ನೋಟಿಸು ಕೊಟ್ಟು ಕಾಯಬೇಕಾದ ಸಿವಿಲ್ ದಾವೆ ಪಾರವ್ವನವರಿಗೆ ಆಗದು. ಅಷ್ಟು ದಿನ ಅವರ ಬಳಿ ಇಲ್ಲ. ನೇರ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯೇ ದಾರಿ. ಅವತ್ತು ಉಳಿದವರನ್ನು ಮರುದಿನಕ್ಕೆ ಬರಹೇಳಿ, ಹತ್ತು ಗಂಟೆಯೊಳಗೆ ಹನ್ನೊಂದು ಪುಟ ಮುಗಿಸುತ್ತಾರೆ. ಒಬ್ಬ ನೀಲಿ ಅಂಗಿಯವನೂ ಗೊಣಗುವುದಿಲ್ಲ.

ಒಂದೇ ಒಂದು ಡಯಾಲಿಸಿಸ್ ಉಳಿದಿರುವಾಗ ಅರ್ಜಿ ನ್ಯಾಯಾಧೀಶರ ಮುಂದೆ ಬರುತ್ತದೆ. ಕಚೇರಿ ಇಲ್ಲಿಲ್ಲ, ಈ ನ್ಯಾಯಾಲಯ ಕೇಳಲಾಗದು ಎಂದು ಸರ್ಕಾರಿ ವಕೀಲರು ಎದ್ದು ನಿಲ್ಲುತ್ತಾರೆ. ಶೈಲಶ್ರೀ ಕವರನ್ನು ಮುಂದಿಡುತ್ತಾರೆ. “ಜಡ್ಜು ಅದನ್ನ ತಿರುಗಿಸಿ ನೋಡಿ, ಇದೇನ್ರಿ ಮಾತ್ರೆ ವಾಸನೆ ಅಂದ್ರು,” ಎಂದು ಆಮೇಲೆ ಅವರು ಜಗುಲಿಗೆ ಬಂದು ಹೇಳುತ್ತಾರೆ. “ಅದೇ ಸ್ವಾಮಿ, ಇವರು ನಿಲ್ಲಿಸಿರೋದು ಅಂದೆ.” ಕಾಗದ ಮುಟ್ಟಿದ್ದು ಇಲ್ಲಿ, ಚಿಕಿತ್ಸೆ ನಿಂತದ್ದು ಇಲ್ಲಿ, ಹಾಗಾಗಿ ಇಲ್ಲೇ ಕೇಳಬಹುದು ಎಂದು ನ್ಯಾಯಾಲಯ ಒಪ್ಪುತ್ತದೆ. ಅರ್ಜಿ ತೀರ್ಮಾನವಾಗುವವರೆಗೂ ಡಯಾಲಿಸಿಸ್ ನಿಲ್ಲಿಸಬಾರದು ಎಂದು ಆದೇಶಿಸುತ್ತದೆ.

ಆದೇಶ ಬಂದು ಈಗ ಐದು ತಿಂಗಳಾಗಿದೆ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಪಾರವ್ವ ಒಮ್ಮೊಮ್ಮೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಇಟ್ಟಮಡುವಿಗೆ ಬರುತ್ತಾರೆ. ಮೆಟ್ಟಿಲ ಮೇಲೆ ಕೂತು, ಹೊಸದಾಗಿ ಬಂದವರ ಕಾಗದಗಳನ್ನು ಇಸಿದುಕೊಂಡು ನೇರ ಮಾಡಿ ಕೊಡುತ್ತಾರೆ. ಓದಲು ಬಾರದಿದ್ದರೂ ಯಾವ ಕವರಿನ ಬೆನ್ನ ಮೇಲೆ ಮುದ್ರೆ ಇದೆ ಎಂದು ಹೇಳುತ್ತಾರೆ.

“ಅಕ್ಕಾರ, ನೀವು ದೇವರಿದ್ದಂಗ ರೀ,” ಎಂದರೆ ನೀಲಗಂಗಮ್ಮನವರಿಗೆ ರೇಗುತ್ತದೆ. “ದೇವರಿಗೆ ಯಾರಮ್ಮ ಕಾರ್ಬನ್ ತಂದ್ಕೊಡ್ತಾರೆ? ರೊಟ್ಟಿ ಕೊಡು ಸುಮ್ನೆ.”

ಇವತ್ತು ರೊಟ್ಟಿಯ ಗಂಟು ಬಿಚ್ಚುತ್ತಾ ಪಾರವ್ವ ಕೇಳುತ್ತಾರೆ, “ಈ ಕೇಸ ಯಾವಾಗ ಮುಗೀತೈತ್ರಿ?”

ನೀಲಗಂಗಮ್ಮ ಹಾಳೆ ಏರಿಸುತ್ತಿದ್ದ ಕೈ ನಿಲ್ಲಿಸುತ್ತಾರೆ. “ಹದಿಮೂರು ವರ್ಷದಿಂದ ಕೋರ್ಟು ನಿಧಾನ, ಕೋರ್ಟು ನಿಧಾನ ಅಂತ ಬೈಕೊಂಡೇ ಬಂದಿದೀನಿ ಕಣಮ್ಮ. ನಿನ್ನದೊಂದು ಮಾತ್ರ ನಿಧಾನವಾಗೇ ನಡೀಲಿ ಅಂತ ದಿನಾ ಕೇಳ್ಕೋತೀನಿ. ಅದು ನಡೆಯೋವಷ್ಟು ದಿನ ನೀನು ರೊಟ್ಟಿ ತರ್ತಿರ್ತೀಯಲ್ಲ.”