ಬೀಜ ಕೇಳುವ ಕೆಮ್ಮು

ಚಿಕ್ಕವರಿದ್ದಾಗ ನಾನೂ ನನ್ನ ತಂಗಿಯೂ ನಮ್ಮದೇ ಒಂದು ಭಾಷೆ ಕಟ್ಟಿದ್ದೆವು. ಬ್ಯಾಡಗಿಯಲ್ಲಿ ಬೆಳೆದವರಿಗೆ ವ್ಯಾಕರಣವೂ ಮೆಣಸಿನಕಾಯಿಯಿಂದಲೇ ಹುಟ್ಟಬೇಕಲ್ಲ. ಇನ್ನೂ ಆಗದ ಕೆಲಸ ಹಸಿ, ನಡೆಯುತ್ತಿರುವುದು ಬಾಡು, ಮುಗಿದದ್ದು ಒಣ. ಮಾತಿನ ಕೊನೆಗೆ ಹ, ಬಾ, ಣ ಹಚ್ಚಿದರಾಯಿತು. ‘ಝೀರು’ ಎಂದರೆ ಒಪ್ಪುವುದು. ಝೀರಹ, ಇನ್ನು ಒಪ್ಪಬೇಕು. ಝೀರಬಾ, ಒಪ್ಪುತ್ತ ಇದ್ದೇನೆ. ಝೀರಣ, ಒಪ್ಪಿಯಾಯಿತು.

‘ಹೀಗಾದರೆ, ಹಾಗಾದರೆ’ ಎನ್ನುವುದಕ್ಕೆ ಮಾತ್ರ ಅಕ್ಷರ ಹುಡುಕಲಿಲ್ಲ. ಮಾತಿಗೆ ಮೊದಲು ಒಮ್ಮೆ ಕೆಮ್ಮಬೇಕು, ಅಷ್ಟೆ. ಘಾಟಿನ ಊರಲ್ಲಿ ಕೆಮ್ಮಿಗೆ ಯಾರು ಕಿವಿಗೊಡುತ್ತಾರೆ? ಕೆಮ್ಮಿ ಝೀರಣ ಎಂದರೆ ‘ಒಪ್ಪಿರುತ್ತಿದ್ದೆ, ಆದರೆ’ ಎಂದು ಅರ್ಥ. ಆಗ ಎದುರಿನವಳು ‘ಬೀಜ?’ ಎಂದು ಕೇಳಬೇಕು. ಕೇಳಿದರೆ ಒಳಗಿನ ಕರಾರು ಹೊರಗೆ ಬರುತ್ತದೆ.

ಹೋದ ಸುಗ್ಗಿಯಲ್ಲಿ ರಾಣೇಬೆನ್ನೂರಿನ ಬೀಜದ ವ್ಯಾಪಾರಿಯ ಮನೆಯವರು ತಂಗಿಯನ್ನು ನೋಡಲು ಬಂದರು. ಅವಳು ಹಾವೇರಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ಒಳ್ಳೆಯವನಂತೆ ಕಂಡ. ಅವನ ತಾಯಿ ಚಹಾ ಕುಡಿಯುತ್ತಲೇ ಅಂದರು, “ನಮ್ಮನ್ಯಾಗ ಏನೂ ಕಡಿಮಿ ಇಲ್ರಿ. ಲಗ್ನ ಆದ ಮ್ಯಾಲೆ ಸಾಲಿಗೆ ಹೋಗೂ ಗರಜಿಲ್ಲ.” ತಂಗಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ಮೈ ಉರಿಯಿತು.

ಅಪ್ಪ ನನ್ನ ಕಡೆ ತಿರುಗಿ, “ತಂಗಿನ್ನ ಒಂದ ಮಾತು ಕೇಳವಾ,” ಎಂದರು. ನಮ್ಮಲ್ಲಿ ಹುಡುಗಿಯ ಒಪ್ಪಿಗೆಯನ್ನು ಅಕ್ಕ ಕೇಳಿ ಹೇಳುವುದು ರೂಢಿ. ನಾನು ಅವಳ ಪಕ್ಕಕ್ಕೆ ಬಗ್ಗಿದೆ. ಅವಳು ಕೆಮ್ಮಿದಳು. ಆಮೇಲೆ ಮೆಲ್ಲಗೆ, “ಝೀರಣ.”

ಅವಳಿಗೆ ಎರಡು ದಿನದಿಂದ ನೆಗಡಿ. ಹಿಂದಿನ ಅಂಗಳದಲ್ಲಿ ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು, ಬಂದವರೆಲ್ಲ ಆಗಲೇ ಕೆಮ್ಮುತ್ತಿದ್ದರು. ಇದು ನೆಗಡಿಯ ಕೆಮ್ಮೋ, ವ್ಯಾಕರಣದ ಕೆಮ್ಮೋ? ಒಂದಾದರೆ ಮದುವೆ, ಇನ್ನೊಂದಾದರೆ ಬೇಡ. ಇಪ್ಪತ್ತು ವರ್ಷ ಆಡಿದ ಭಾಷೆ ಆ ಹೊತ್ತಿನಲ್ಲಿ ಕೈಕೊಟ್ಟಿತು.

ನಾನು ಸುಮ್ಮನಿದ್ದದ್ದನ್ನು ಅಪ್ಪ ಒಪ್ಪಿಗೆ ಎಂದೇ ತಿಳಿದರು. “ಮತ್ತೇನ, ಸಕ್ರಿ ತರ್ರಿ,” ಎಂದರು. ಹುಡುಗನ ತಾಯಿ ಬಟ್ಟಲಿನಿಂದ ಚಿಟಿಕೆ ಸಕ್ಕರೆ ತೆಗೆದುಕೊಂಡು ಎದ್ದರು. ಆ ಸಕ್ಕರೆ ಬಾಯಿಗೆ ಬಿದ್ದರೆ ಮಾತು ಮುಗಿದಂತೆ, ಮತ್ತೆ ಹಿಂದಕ್ಕಿಲ್ಲ. ಬೆರಳು ಅವಳ ತುಟಿಯ ಹತ್ತಿರ ಬಂದಾಗ ನಾನು ತಡೆಯಲಾರದೆ ಕೇಳಿಬಿಟ್ಟೆ.

“ಬೀಜ?”

ಹುಡುಗನ ತಂದೆಗೆ ಖುಷಿಯಾಯಿತು. “ಗೋವಿನಜೋಳದ್ದೂ ಅದಾವ, ಹತ್ತೀದೂ ಅದಾವ್ರಿ. ನಿಮಗ ಯಾವ್ದು ಬೇಕ್ರಿ?” ಎಂದರು. ತಂಗಿ ತಲೆ ಎತ್ತಿ ನನ್ನನ್ನೇ ನೋಡಿದಳು. ಸಕ್ಕರೆ ಹಿಡಿದ ಕೈ ಹಾಗೇ ನಿಂತಿತ್ತು. ಕೊನೆಗೆ ಬಾಯಿಬಿಟ್ಟಳು.

“ಟಕ್ಕಿಬಾ.”

ಟಕ್ಕಿ ಎಂದರೆ ಶಾಲೆ. ಅದಕ್ಕೆ ಬಾ ಹತ್ತಿತ್ತು, ಣ ಅಲ್ಲ. ಶಾಲೆ ನಡೆಯುತ್ತಲೇ ಇರಬೇಕು, ಮುಗಿಯಬಾರದು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, “ಅಕಿ ಸಾಲಿ ಬಿಡೂದಿಲ್ರಿ. ಅದಕ್ಕ ನೀವು ಹೂಂ ಅಂದ್ರ ಅಕಿ ಒಪ್ಪಿಗಿ ಐತಿ.”

ಹುಡುಗನ ತಾಯಿ ಸಕ್ಕರೆಯನ್ನು ಬಟ್ಟಲಿಗೆ ವಾಪಸು ಉದುರಿಸಿ ಕೈ ಒರೆಸಿಕೊಂಡರು. “ಮನ್ಯಾಗ ವಿಚಾರ ಮಾಡಿ ಹೇಳ್ತೇವ್ರಿ,” ಎಂದರು. ಹಾಗೆಂದರೆ ಏನೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಅವರ ಕಾರು ಓಣಿ ದಾಟಿದ ಮೇಲೆ ಅಪ್ಪ ನನಗೆ ಅಂದರು, “ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡಿದಿ.”

ಅಡುಗೆಮನೆಯಲ್ಲಿ ತಂಗಿ ಚಹಾದ ಕಪ್ಪು ತೊಳೆಯುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ. ನಾನು ಕೇಳಿದ್ದು ತಪ್ಪಾಗಿದ್ದರೆ ಎಂಬ ಹೆದರಿಕೆ ಇನ್ನೂ ಹೋಗಿರಲಿಲ್ಲ.

“ನೀ ಮೊದಲ ಕೆಮ್ಮಿದ್ಯಲ್ಲ, ಅದು ನಮ್ಮ ಕೆಮ್ಮ ಹೌದಲ್ಲ?”

ಅವಳು ನಲ್ಲಿ ನಿಲ್ಲಿಸಿದಳು. “ಇಲ್ಲಕ್ಕ. ಅದು ಖರೇನ ನೆಗಡಿ ಕೆಮ್ಮ. ಆಗಲಿ ಬಿಡು ಅಂತ ಒಪ್ಪಿಬಿಟ್ಟಿದ್ದೆ. ನೀ ಕೇಳಿದ ಮ್ಯಾಲೇನ ಗೊತ್ತಾತು, ನನ್ನ ಒಳಗೂ ಒಂದ ಬೀಜ ಇತ್ತಂತ.”

ಹಾಗೆಂದು ಮತ್ತೆ ಕೆಮ್ಮಿದಳು. ಈ ಸಲ ಏನೂ ಕೇಳದೆ ಬಿಸಿನೀರು ಕಾಯಿಸಿಕೊಟ್ಟೆ.