ನಮ್ಮವ್ವನ ತವರು

ನಮ್ಮವ್ವ ಹಂಗೇರಿಯವಳು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಊರೊಳಗೆ ಟ್ಯಾಂಕುಗಳು ನುಗ್ಗಿದಾಗ, ಉಟ್ಟ ಬಟ್ಟೆಯಲ್ಲೇ ಗಡಿ ದಾಟಿದವಳು. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ, ಅಲ್ಲಿ ಡಾಕ್ಟರಿಕೆ ಓದುತ್ತಿದ್ದ ನಮ್ಮಪ್ಪನನ್ನು ಮದುವೆಯಾಗಿ ಸುರಪುರಕ್ಕೆ ಬಂದಳು. ಇಷ್ಟೂ ಅಪ್ಪ ಹೇಳಿದ್ದು. ಅವಳ ಬಾಯಿಂದ ಆ ಕಡೆಯ ಒಂದು ಮಾತೂ ಬರುತ್ತಿರಲಿಲ್ಲ. ಕೇಳಿದರೆ, "ರೊಟ್ಟಿ ಆರ್ತದ, ಉಣ್ಣು" ಎನ್ನುತ್ತಿದ್ದಳು.

ಆ ರೊಟ್ಟಿ ಬಡಿಯುವುದನ್ನು ಅವಳಿಗೆ ಕಲಿಸಿದವಳು ದೇವಾಪುರದಿಂದ ಬೆಣ್ಣೆ ಮಾರಲು ಬರುತ್ತಿದ್ದ ಒಬ್ಬ ಹೆಂಗಸು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಒಂದು ನಾಗರ ಪಂಚಮಿಗೆ ಓಣಿಯ ಸೊಸೆಯರೆಲ್ಲ ತವರಿಗೆ ಹೋಗಿ, ಅವ್ವ ಒಬ್ಬಳೇ ಬಾಗಿಲಲ್ಲಿ ಕೂತಿದ್ದಳಂತೆ. ಆಯಿ ಅದನ್ನು ನೋಡಿ, "ಏಳ ಮಗಳ, ನಮ್ಮ ಮನೀನ ನಿನ್ನ ತವರುಮನಿ" ಎಂದು ಕರೆದೊಯ್ದಳು. ಆಮೇಲೆ ಒಂದು ವರ್ಷವೂ ಅವ್ವ ತಪ್ಪಿಸಲಿಲ್ಲ. ಆಯಿ ಬಂದಳೆಂದರೆ ನಾನು ಅವ್ವನ ಕಣ್ಣಿಗೇ ಬೀಳುತ್ತಿರಲಿಲ್ಲ. ಆ ಬೆಣ್ಣೆಯನ್ನು ನಾನು ಹಟಕ್ಕೆ ಮುಟ್ಟುತ್ತಿರಲಿಲ್ಲ.

ನನ್ನನ್ನು ಯಾದಗಿರಿಗೆ ಕೊಟ್ಟರು. ಮೊದಲ ಪಂಚಮಿಗೆ ಹೊಸ ಸೀರೆ ಉಟ್ಟು, ಶಹಾಪುರದಲ್ಲಿ ಬಸ್ ಬದಲಿಸಿ, ಸುರಪುರಕ್ಕೆ ಬಂದಿಳಿದೆ. ಬಾಗಿಲು ತೆರೆದದ್ದು ಅಪ್ಪ. "ನಿಮ್ಮವ್ವ ತವರಿಗಿ ಹೋಗ್ಯಾಳವ್ವ" ಎಂದ, ನನ್ನ ಮುಖ ನೋಡದೆ. ಮದುವೆಯಾದವಳು ಪಂಚಮಿಗೆ ತವರಿಗೆ ಹೋಗಬೇಕೆಂಬುದನ್ನು ಅವ್ವ ಚೆನ್ನಾಗಿಯೇ ಕಲಿತಿದ್ದಳು. ಮಗಳು ಮೊದಲ ಪಂಚಮಿಗೆ ಬರುವ ವರ್ಷ ತಾಯಿ ಮನೆ ಬಿಡಬಾರದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಬಂದ ಕಾಲಲ್ಲೇ ದೇವಾಪುರಕ್ಕೆ ಹೊರಟೆ. ಎಲ್ಲರೆದುರು ಅವ್ವನ ಮಾನ ಕಳೆಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಆಯಿಯ ಮನೆಯ ಮುಂದೆ ಹುಡುಗಿಯರು ಜೋಕಾಲಿ ಆಡುತ್ತಿದ್ದರು. ಒಳಗೆ ಹೋದರೆ ಅವ್ವ ಆಯಿಯ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

"ಊರು ಬಿಡುಮುಂದ ಹೋಗಿ ಬರ್ತೀನಂತ ನಮ್ಮವ್ವಗ ಹೇಳ್ಲಿಲ್ಲ, ಎವ್ವಾ. ಹಿತ್ತಲದಾಗ ಅರಿವಿ ಒಣಗ್ಸಾಕತ್ತಿದ್ಲು. ಮಾರಿ ಸೈತ ಈ ಕಡಿ ಇರ್ಲಿಲ್ಲ."

ಇಪ್ಪತ್ತು ವರ್ಷ ನಾನು ಕೇಳಿ ಕೇಳಿ ಸೋತ ಮಾತು ಅದು. ಬೆಣ್ಣೆ ಮಾರುವವಳಿಗೆ ಸಿಕ್ಕಿತ್ತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆಯಿ ಬಂದು ನನ್ನ ಕೈಗೆ ಪಂಚಮಿಯ ಅಳ್ಳಿಟ್ಟಿನ ಉಂಡೆ ಇಟ್ಟಳು. ನಾನು ತಿನ್ನಲಿಲ್ಲ.

"ನನ್ನ ಮುಂದ ಯಾಕ ಅಳಂಗಿಲ್ಲ ಆಕಿ? ನಾ ಆಕಿ ಮಗಳಲ್ಲೇನು?"

"ಮಗಳ ಮುಂದ ಹ್ಯಾಂಗ ಅಳ್ತಾಳ, ಹುಚ್ಚಿ?" ಎಂದಳು ಆಯಿ. "ಅಳಾಕ ಅವ್ವ ಬೇಕಲ್ಲ."

ಅದು ಸಬೂಬು ಎಂದುಕೊಂಡೆ. ಆಯಿ ತೀರಿಕೊಂಡ ಮೇಲೂ ಅವಳ ಮೇಲಿನ ಹೊಟ್ಟೆಕಿಚ್ಚು ನನಗೆ ಹೋಗಲಿಲ್ಲ.

ಹೋದ ವರ್ಷ ಅವ್ವ ಹೋದಳು. ನನ್ನ ಮಗಳು ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಅವಳು ಎದ್ದು ಹೊರಗೆ ಹೋಗುವವರೆಗೂ ನನಗೆ ಅಳಲಾಗಲಿಲ್ಲ.